ಕೃಷ್ಣನ ಪಾರ್ಟು, ಕರಡಿಗಳ ಕಂಪನಿ

ಗುಬ್ಬಿ ತಾಲ್ಲೂಕಿನ ಕಡಬದಲ್ಲಿ ಬಸ್ಸಿಳಿದು ನಾಲ್ಕು ಹೆಜ್ಜೆ ಹಾಕಿದರೆ ಸಿಗುವ ಒಂದು ಟೀ ಅಂಗಡಿಯಲ್ಲಿ, ಅಮೆರಿಕನ್ ಫುಟ್‌ಬಾಲಿನ ಚಿಕಾಗೋ ಬೇರ್ಸ್ ತಂಡದ ಲೆಫ್ಟ್ ಗಾರ್ಡ್ ಜೋ ಥೂನಿಯ ಬಗ್ಗೆ ಖಡಕ್ ಅಭಿಪ್ರಾಯ ಇಟ್ಟುಕೊಂಡಿರುವ ಒಂದಷ್ಟು ಹಿರಿಯರಿದ್ದಾರೆ. ಇದು ಸಣ್ಣ ಸಂಗತಿಯಲ್ಲ. ಚಿಕಾಗೋದಲ್ಲೇ ಲೆಫ್ಟ್ ಗಾರ್ಡ್ ಬಗ್ಗೆ ತಲೆ ಕೆಡಿಸಿಕೊಳ್ಳುವವರು ಕಡಿಮೆ. ಆಫೀಸಿನ ಲಿಫ್ಟಿನಿಂದ ಕ್ಷೌರದ ಅಂಗಡಿಯವರೆಗೆ ಜನರ ಬಾಯಲ್ಲಿರುವುದು ಕ್ವಾರ್ಟರ್‌ಬ್ಯಾಕ್ ಒಬ್ಬನೇ. ಕಡಬದವರು ಮಾತ್ರ ಗಾರ್ಡಿನಿಂದ ಶುರು ಮಾಡುತ್ತಾರೆ. ಶ್ರೀರಾಮ ಲಂಕೆಯಿಂದ ಮರಳುವಾಗ ಸೀತೆ ಕೇಳಿದಳೆಂದು ಶಿಂಷೆಗೆ ಅಡ್ಡಲಾಗಿ ಏರಿ ಹಾಕಿಸಿದ ಎಂಬ ಐತಿಹ್ಯ ಹೊತ್ತ ಕೆರೆಯ ಊರು ಅದು. ಹಾಕಿಸಿದವನ ಹೆಸರು ಎಲ್ಲರಿಗೂ ಗೊತ್ತು, ಮಣ್ಣು ಹೊತ್ತವರು ಯಾರು ಎಂದು ಕೇಳುವ ಕೆಟ್ಟ ಕುತೂಹಲ ಅಲ್ಲಿಯವರಿಗೆ ಮೊದಲಿಂದಲೂ ಇದೆ. ಈ ಲೆಫ್ಟ್ ಗಾರ್ಡ್ ಸಂಪ್ರದಾಯದ ಮೂಲಪುರುಷರು ನಮ್ಮ ಅಪ್ಪ.

ಅಪ್ಪ, ಅಮ್ಮ 2024ರಲ್ಲಿ ನಮ್ಮ ಮನೆಗೆ ಬಂದಿದ್ದರು. ಮನೆ ಇರುವುದು ಚಿಕಾಗೋಗೆ ಪಶ್ಚಿಮದಲ್ಲಿರುವ ನೇಪರ್‌ವಿಲ್‌ನಲ್ಲಿ. ಊರಿಂದ ಬಂದ ಅಪ್ಪ-ಅಮ್ಮಂದಿರ ದಿನಚರಿ ಹೊರನಾಡಿನ ಎಲ್ಲ ಮನೆಯಲ್ಲೂ ಒಂದೇ: ಬೆಳಿಗ್ಗೆ ಬಿಳೀ ಷೂ ಹಾಕಿಕೊಂಡು ವಾಕಿಂಗ್, ಮಧ್ಯಾಹ್ನ ಊಟ, ಊಟದ ಮೇಲೆ ಡಾಲರನ್ನು ರೂಪಾಯಿಗೆ ಗುಣಿಸಿ ನಿಟ್ಟುಸಿರು, ವಾರಕ್ಕೊಮ್ಮೆ ಲೆಮಾಂಟಿನ ರಾಮನ ಗುಡಿ. ಮೂರನೇ ತಿಂಗಳಿಗೆ ಅಪ್ಪ ಬೇಲಿಗೆ ಕಟ್ಟಿದ ಎತ್ತಿನ ಹಾಗೆ ಕಿಟಕಿಯಿಂದ ಹೊರಗೆ ನೋಡತೊಡಗಿದರು. ಅಷ್ಟರಲ್ಲಿ ಸೆಪ್ಟೆಂಬರ್ ಬಂತು, ಎನ್‌ಎಫ್‌ಎಲ್ ಎಂಬ ಫುಟ್‌ಬಾಲ್ ಲೀಗಿನ ಸೀಸನ್ ಶುರುವಾಯಿತು, ಹೈಸ್ಕೂಲಿನ ನನ್ನ ಮಗ ತಾತನನ್ನು ಬೇಸ್‌ಮೆಂಟಿಗೆ ಕರೆದೊಯ್ದ.

ನಿಯಮ ಹೇಳಿಕೊಡುವುದು ಮೊದಲು ಕಷ್ಟವಾಯಿತು. ಒಂದು ಕಡೆಗೆ ಹನ್ನೊಂದು ಜನ, ಹತ್ತು ಗಜ ಮುಂದೆ ಹೋಗಲು ನಾಲ್ಕು ಅವಕಾಶ. "ಹತ್ತು ಗಜಕ್ಕೆ ಇಷ್ಟೊಂದ್ ಬಡದಾಟವೇನ್ಲಾ" ಎಂದರು ಅಪ್ಪ. ಅಷ್ಟರಲ್ಲಿ ಪಟ್ಟೆ ಅಂಗಿ ತೊಟ್ಟವರು ಮೈದಾನದೊಳಕ್ಕೆ ಚೈನು ಎಳೆದುಕೊಂಡು ಬಂದು ಅಳತೆ ಹಾಕಿದರು. ಅಪ್ಪನ ಮುಖ ಅರಳಿತು. ಜಮೀನಿನ ಅಳತೆ, ಅದರ ತಕರಾರು, ಅಂಗುಲದ ಲೆಕ್ಕದಲ್ಲಿ ಜಗಳ: ಇದೆಲ್ಲ ಅವರಿಗೆ ಗೊತ್ತಿರುವ ಆಟ. ಆಮೇಲೆ ಕೇಳಿದರು:

"ಹಿಂದ್ಗಡೆ ನಿಂತ್ಕಂಡು ಕೈ ಆಡಿಸ್ತಾ ಏನೋ ಕೂಗ್ತಾವ್ನಲ್ಲ, ಅವ್ನ್ಯಾರು?"

"ಕ್ವಾರ್ಟರ್‌ಬ್ಯಾಕ್, ತಾತ. ಕ್ಯಾಲೆಬ್ ವಿಲಿಯಮ್ಸ್. ಎಲ್ಲಾ ಅವನ ಮೇಲೇ."

"ಮುಂದ್ಗಡೆ ಬಗ್ಗಿರೋ ದಪ್ಪನೋರು?"

"ಲೆಫ್ಟ್ ಗಾರ್ಡ್ ಅಂತೆಲ್ಲ. ಅವರು ಅವನಿಗೆ ಏಟು ಬೀಳದೆ ಇರೋ ಹಾಗೆ ತಡೀತಾರೆ."

ಅಪ್ಪ ಸೋಫಾದಲ್ಲಿ ನೆಟ್ಟಗೆ ಕೂತರು. "ಹಂಗನ್ನು ಮತ್ತೆ! ಇವ್ನು ಕೃಷ್ಣ ಕಣ್ಲಾ. ಅವ್ರೆಲ್ಲ ಸಾತ್ಯಕಿಗಳು."

ತುಮಕೂರು ಸೀಮೆಯವರಲ್ಲದವರಿಗೆ ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಕಡೆ ಸುಗ್ಗಿ ಮುಗಿದ ಮೇಲೆ ಊರೂರಲ್ಲೂ 'ಕುರುಕ್ಷೇತ್ರ' ನಾಟಕ ಆಡುತ್ತಾರೆ. ಪಾತ್ರಧಾರಿಗಳು ಊರವರೇ, ರೈತರು, ಕಂಡಕ್ಟರುಗಳು, ಮೇಷ್ಟ್ರುಗಳು. ಸಂಭಾವನೆ ಇವರಿಗಲ್ಲ, ಇವರೇ ದುಡ್ಡು ಕಟ್ಟಿ ಪಾರ್ಟು ತಗೊಳ್ಳಬೇಕು. ಕೃಷ್ಣ, ದುರ್ಯೋಧನನ ಪಾರ್ಟಿಗೆ ಹೆಚ್ಚು ದುಡ್ಡು, ದ್ವಾರಪಾಲಕನಿಗೆ ಕಡಿಮೆ. ತಿಂಗಳುಗಟ್ಟಲೆ ಪ್ರಾಕ್ಟೀಸ್ ಕೊಟ್ಟು, ಆಡುವ ರಾತ್ರಿ ಪಕ್ಕದಲ್ಲಿ ಕೂತು ನಡೆಸುವವರು ಹಾರ್ಮೋನಿಯಂ ಮೇಷ್ಟ್ರು. ಕೃಷ್ಣ ಕಂದ ಹಾಡಿದರೆ ಒನ್ಸ್ ಮೋರ್, ಕೊರಳಿಗೆ ಹಾರ, ಎದೆಗೆ ಪಿನ್ನು ಹಾಕಿ ನೋಟು. ಅವನ ಪಕ್ಕದಲ್ಲಿ ಬೆಳಗಿನ ಜಾವದವರೆಗೆ ಕತ್ತಿ ಹಿಡಿದು ನಿಲ್ಲುವ ಸಾತ್ಯಕಿಯ ಕಡೆ ಯಾರೂ ತಿರುಗಿಯೂ ನೋಡುವುದಿಲ್ಲ. ಅಪ್ಪ ಪ್ರಾಯದಲ್ಲಿ ಸಾತ್ಯಕಿ ಮಾಡಿದವರು. ಆ ನೋವು ಅವರಲ್ಲಿ ಇನ್ನೂ ಹಸಿಯಾಗಿದೆ.

ಹೀಗಾಗಿ ಆಟ ಅವರಿಗೆ ಒಂದೇ ದಿನದಲ್ಲಿ ಅರ್ಥವಾಯಿತು. ಕೋಚು ಹಾರ್ಮೋನಿಯಂ ಮೇಷ್ಟ್ರು. ತಂಡ ನಾಟಕದ ಕಂಪನಿ. ಕ್ಯಾಲೆಬ್ ಅವರ ಬಾಯಲ್ಲಿ ಕಲ್ಲೇಶ ಆದ. ಅರ್ಥವಾಗದೆ ಉಳಿದದ್ದು ಒಂದೇ: ಈ ಹುಡುಗ ಕಂಪನಿಗೆ ದುಡ್ಡು ಕಟ್ಟುವುದಿಲ್ಲ, ಕಂಪನಿಯೇ ಅವನಿಗೆ ನಾಲ್ಕು ವರ್ಷಕ್ಕೆ ಸುಮಾರು 3.9 ಕೋಟಿ ಡಾಲರ್ ಕೊಡುತ್ತದೆ. ಅಪ್ಪ ರೂಪಾಯಿಗೆ ಗುಣಿಸಿದರು. ಅರ್ಧದಲ್ಲೇ ನಿಲ್ಲಿಸಿ ನೀರು ಕುಡಿದರು.

ಅಮ್ಮನಿಗೆ ಬೇರೆ ಅನುಮಾನ. ಕ್ಯಾಲೆಬ್ ಉಗುರಿಗೆ ಬಣ್ಣ ಹಚ್ಚಿಕೊಳ್ಳುತ್ತಾನೆ. ಟಿವಿಯಲ್ಲಿ ಅದನ್ನು ಹತ್ತಿರದಿಂದ ತೋರಿಸಿದಾಗ ಅಮ್ಮ, "ಹುಡುಗನಿಗೆ ಮದುವೆ ಗೊತ್ತಾಗಿದೆಯಾ?" ಎಂದು ಕೇಳಿದರು. ಗೋರಂಟಿ ಶಾಸ್ತ್ರ ಇರಬೇಕು ಎಂದು ಅವರ ಲೆಕ್ಕ. "ಬಣ್ಣ ಹಚ್ಚದೆ ಯಾವ್ ಪಾರ್ಟು ಮಾಡಕ್ಕಾಗ್ತದೆ?" ಎಂದು ಅಪ್ಪ ಹುಡುಗನ ಪರ ವಹಿಸಿದರು. ಆ ವಿಷಯದಲ್ಲಿ ಅಮೆರಿಕದ ಎಷ್ಟೋ ಅಭಿಮಾನಿಗಳಿಗಿಂತ ನಮ್ಮ ಅಪ್ಪ ಉದಾರಿ.

ಬೇಸ್‌ಮೆಂಟಿನ ಗೋಡೆಯಲ್ಲಿ ಮಗ ವಾಲ್ಟರ್ ಪೇಟನ್ ಫೋಟೊ ಹಾಕಿದ್ದಾನೆ. ಬೇರ್ಸ್ ಗೆದ್ದಿರುವ ಒಂದೇ ಒಂದು ಸೂಪರ್ ಬೌಲನ್ನು, ಅಂದರೆ ಲೀಗಿನ ಫೈನಲನ್ನು, 1986ರ ಜನವರಿಯಲ್ಲಿ ಪೇಟ್ರಿಯಟ್ಸ್ ವಿರುದ್ಧ 46–10ರಿಂದ ಗೆದ್ದಾಗ ಆಡಿದ ಮಹಾನುಭಾವ, 1999ರಲ್ಲಿ ತೀರಿಕೊಂಡ. ತೀರಿಕೊಂಡವರು ಎಂಬಷ್ಟು ಮಾತ್ರ ಅಮ್ಮನ ಕಿವಿಗೆ ಬಿದ್ದಿತ್ತು. ಆ ವರ್ಷದ ಮಹಾಲಯ ಅಮಾವಾಸ್ಯೆ ದಿನ ಅಜ್ಜ, ಅಜ್ಜಿ, ದೊಡ್ಡಪ್ಪನ ಫೋಟೊಗಳ ಜೊತೆ ಪೇಟನ್ ಸಾಹೇಬರಿಗೂ ಗಂಧ ಇಟ್ಟು, ಹೂ ಏರಿಸಿ, ಎಡೆಯಲ್ಲಿ ಒಂದು ವಡೆ ಹೆಚ್ಚಿಗೆ ಇಟ್ಟಿದ್ದರು. ಮಗ ಅದನ್ನು ತೆಗೆಯಲು ಬಿಡಲಿಲ್ಲ. ಗಂಧದ ಬೊಟ್ಟು ಇವತ್ತಿಗೂ ಗಾಜಿನ ಮೇಲಿದೆ.

ನಮ್ಮ ಮನೆಯ ಜಗಳದ ಭೂಗೋಳವನ್ನು ಈಗ ಹೇಳಿಬಿಡುತ್ತೇನೆ. ನಾನು ಗುಬ್ಬಿ ತಾಲ್ಲೂಕು, ನನ್ನ ಹೆಂಡತಿ ಕುಣಿಗಲ್. ಹೇಮಾವತಿ ನೀರನ್ನು ನೇರವಾಗಿ ಕುಣಿಗಲ್ ಕಡೆಗೆ ಒಯ್ಯುವ ಎಕ್ಸ್‌ಪ್ರೆಸ್ ಲಿಂಕ್ ಕಾಲುವೆ ಬೇಕೋ ಬೇಡವೋ ಎಂದು ಎರಡು ತಾಲ್ಲೂಕುಗಳೂ ಹಗ್ಗ ಜಗ್ಗುತ್ತಿರುವ ಕಾಲ ಇದು. 2025ರ ಮೇ ಕೊನೆಯಲ್ಲಿ ಗುಬ್ಬಿ ಕಡೆ ದೊಡ್ಡ ಪ್ರತಿಭಟನೆಯೇ ಆಯಿತು, ಅದರ ಪರಿಣಾಮ ನೇಪರ್‌ವಿಲ್ಲಿನ ಊಟದ ಮೇಜಿನವರೆಗೂ ಬಂತು. ಸಾಲದೆಂದು ನನ್ನ ಹೆಂಡತಿ ಮೊದಲ ಕೆಲಸಕ್ಕೆ ಸೇರಿದ್ದು ವಿಸ್ಕಾನ್ಸಿನ್‌ನ ಮಿಲ್ವಾಕಿಯಲ್ಲಿ. ಅಲ್ಲಿಂದ ಬಂದವಳು ಗ್ರೀನ್ ಬೇ ಪ್ಯಾಕರ್ಸ್ ಅಭಿಮಾನಿ. ಮದುವೆಗೆ ಮುಂಚೆ ಹಿರಿಯರು ಜಾತಕ ನೋಡಿದರು, ಸಂಬಂಧ ವಿಚಾರಿಸಿದರು, ತಂಡ ಯಾವುದೆಂದು ಮಾತ್ರ ಯಾರೂ ಕೇಳಲಿಲ್ಲ. ಬೇರ್ಸ್–ಪ್ಯಾಕರ್ಸ್ ದ್ವೇಷಕ್ಕೆ ನೂರು ವರ್ಷ ದಾಟಿದೆ. ಕಾಲುವೆ ಅದರ ಮುಂದೆ ಮೊನ್ನೆಯದು.

ಪ್ಯಾಕರ್ಸ್ ಬಗ್ಗೆ ಅಪ್ಪನಿಗೆ ಒಳಗೊಳಗೇ ಗೌರವ ಉಂಟು. ಸುಮಾರು ಒಂದು ಲಕ್ಷ ಜನಸಂಖ್ಯೆಯ ಊರಿನ ತಂಡ, ಶ್ರೀಮಂತನೊಬ್ಬನ ಸೊತ್ತಲ್ಲ, ಐದು ಲಕ್ಷಕ್ಕೂ ಹೆಚ್ಚು ಷೇರುದಾರರು ಅದರ ಮಾಲೀಕರು, ಆದರೆ ಯಾರಿಗೂ ಒಂದು ಪೈಸೆ ಡಿವಿಡೆಂಡ್ ಇಲ್ಲ ಎಂದು ಸೊಸೆ ಹೆಮ್ಮೆಯಿಂದ ವಿವರಿಸಿದಾಗ, ಅಪ್ಪ ಶಾಂತವಾಗಿ, "ಅಂಥಾ ಸೊಸೈಟಿಗಳು ನಮ್ ಕಡೇನೂ ಅವೆ ತಾಯಿ, ಆದ್ರೆ ಟೀಮ್ ಒಂದಿಲ್ಲ" ಎಂದರು.

ಈಗ ಮುಖ್ಯ ವ್ಯಾಜ್ಯಕ್ಕೆ ಬರೋಣ. ಬೇರ್ಸ್ 1920ರಲ್ಲಿ ಹುಟ್ಟಿದ ತಂಡ, ಎನ್‌ಎಫ್‌ಎಲ್‌ನ ಮೂಲ ಸದಸ್ಯರಲ್ಲೊಂದು. ಅವರಲ್ಲಿ ಎಲ್ಲಾ ಇದೆ, ಕ್ವಾರ್ಟರ್‌ಬ್ಯಾಕ್ ಒಬ್ಬ ಬಿಟ್ಟು. ನಿಜವಾಗಿ ದೊಡ್ಡವನು ಎನ್ನಬಹುದಾದ ಕೊನೆಯವನು ಸಿಡ್ ಲಕ್ಮನ್, ಆಟ ಬಿಟ್ಟದ್ದು 1950ರಲ್ಲಿ. ಆ ಬಳಿಕ ಬಂದವರು ಬಂದರು, ಹೋದರು. ನಾನು ಇಲ್ಲಿಗೆ ಬಂದ ಕಾಲದಲ್ಲಿ ರೆಕ್ಸ್ ಗ್ರಾಸ್‌ಮನ್. ಆಮೇಲೆ ಜೇ ಕಟ್ಲರ್. ಕಾಲೇಜು ಹುಡುಗರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟಿನಲ್ಲಿ, 2017ರಲ್ಲಿ ಎರಡನೆಯವನಾಗಿಯೇ ಆರಿಸಿಕೊಂಡ ಮಿಚ್ ಟ್ರುಬಿಸ್ಕಿ. 2021ರಲ್ಲಿ ಜಸ್ಟಿನ್ ಫೀಲ್ಡ್ಸ್. ಟ್ರುಬಿಸ್ಕಿಯನ್ನು ಆರಿಸಿದ ಅದೇ ದಿನ ಹತ್ತನೆಯವನಾಗಿ ಕಾನ್ಸಾಸ್ ಸಿಟಿಗೆ ಹೋದವನು ಪ್ಯಾಟ್ರಿಕ್ ಮಹೋಮ್ಸ್, ಇಲ್ಲಿಯವರೆಗೆ ಮೂರು ಸೂಪರ್ ಬೌಲ್ ಗೆದ್ದವನು. ನಮ್ಮ ಮನೆಯಲ್ಲಿ ಯಾವ ವಾದವೂ ನನ್ನ ಪರವಾಗಿ ಮುಗಿಯದಿರುವುದಕ್ಕೆ ಇದೇ ಕಾರಣ. ವಾಷಿಂಗ್ ಮೆಷಿನ್ ಯಾವುದು ಕೊಳ್ಳಬೇಕೆಂಬ ಚರ್ಚೆಯಲ್ಲೂ ಹೆಂಡತಿ ಕೊನೆಗೆ, "ಬಿಡಿ, ಮಹೋಮ್ಸ್‌ನ ಬಿಟ್ಟು ಟ್ರುಬಿಸ್ಕಿ ತಗೊಂಡವರು ನೀವು" ಎನ್ನುತ್ತಾಳೆ. ತಗೊಂಡದ್ದು ನಾನೇ ಎಂಬ ಧಾಟಿಯಲ್ಲಿ.

ಅವಳ ಕಡೆಯ ಲೆಕ್ಕ ನೋಡಿ. 1992ರಿಂದ ಬ್ರೆಟ್ ಫಾರ್ವ್, 2008ರಿಂದ ಏರನ್ ರಾಜರ್ಸ್, 2023ರಿಂದ ಜೋರ್ಡನ್ ಲವ್. ಮೂವತ್ತು ವರ್ಷಕ್ಕೆ ಮೂರು ಹೆಸರು. ರಾಜರ್ಸ್‌ನನ್ನೂ ಲವ್‌ನನ್ನೂ ಮೂರು ಮೂರು ವರ್ಷ ಬೆಂಚಿನಲ್ಲಿ ಕೂರಿಸಿ ಕಲಿಸಿದ ಮೇಲೆಯೇ ಆಡಿಸಿದ್ದು. "ನಮ್ಮವರು ಪಾಠ ಕಲಿಸಿ ಸ್ಟೇಜ್ ಹತ್ತಿಸ್ತಾರೆ. ನೀವು ಕಿರೀಟ ಇಟ್ಟು ತಳ್ಳಿಬಿಡ್ತೀರಿ" ಎಂದು ಅವಳು ಅಂದದ್ದು ಮಾವನ ಮನಸ್ಸಿಗೆ ನೇರವಾಗಿ ನಾಟಿತು. ಏಕೆಂದರೆ ಕ್ಯಾಲೆಬ್‌ನ ಮೊದಲ ವರ್ಷದಲ್ಲಿ ನಡೆದದ್ದು ಅದೇ. ಕಾಲೇಜಿನಲ್ಲಿ 2022ರ ಹೈಸ್ಮನ್ ಪ್ರಶಸ್ತಿ ಗೆದ್ದು, 2024ರ ಡ್ರಾಫ್ಟಿನಲ್ಲಿ ಇಡೀ ದೇಶಕ್ಕೆ ಮೊದಲಿಗನಾಗಿ ಬಂದ ಹುಡುಗ. ಕೈಯಲ್ಲಿ ಚೆಂಡು ಇರುವಾಗಲೇ ಎದುರಾಳಿಗಳು ಬಂದು ಅವನನ್ನು ನೆಲಕ್ಕೆ ಕೆಡವಿದ್ದು ಆ ಸೀಸನ್ನಿನಲ್ಲಿ 68 ಸಲ. ಲೀಗಿನಲ್ಲೇ ಅತಿ ಹೆಚ್ಚು. ಊರಿಗೆ ಮರಳುವವರೆಗೆ ನಮ್ಮ ಜೊತೆ ನೋಡಿದಷ್ಟನ್ನೂ ಅಪ್ಪ ಹಾಲಿನ ಲೆಕ್ಕ ಬರೆಯುವ ಡೈರಿಯಲ್ಲಿ ಗೀಟು ಹಾಕಿ ಇಟ್ಟುಕೊಂಡಿದ್ದರು. "ಸಾತ್ಯಕಿ ನೆಟ್ಟಗಿಲ್ದಿದ್ರೆ ಕೃಷ್ಣ ಕೊಳಲ್ ಊದದೆಲ್ಲಿಂದ?" ಎಂಬುದು ಆಗಲೇ ಅವರ ತೀರ್ಪು.

ಆ ಅಕ್ಟೋಬರ್ 27ರ ಭಾನುವಾರ ಅವರಿಗೆ ಇನ್ನೂ ಕನಸಿನಲ್ಲಿ ಬರುತ್ತದಂತೆ. ವಾಷಿಂಗ್ಟನ್ ವಿರುದ್ಧ ಆಟ. ಇನ್ನು 25 ಸೆಕೆಂಡು ಇರುವಾಗ ಬೇರ್ಸ್ 15–12ಕ್ಕೆ ಏರಿದರು. ಅಮ್ಮ ದೃಷ್ಟಿ ತೆಗೆಯಲು ಉಪ್ಪು ಹುಡುಕಿದರು. ಕೊನೇ ಎಸೆತ: ಎದುರು ಕಡೆಯ ಜೇಡನ್ ಡೇನಿಯಲ್ಸ್, ಅದೇ ಡ್ರಾಫ್ಟಿನ ಎರಡನೆಯವನು, ದೇವರ ಮೇಲೆ ಭಾರ ಹಾಕಿ ಚೆಂಡನ್ನು ಆಕಾಶಕ್ಕೆ ಎಸೆದ. ಬೇರ್ಸ್‌ನ ಒಬ್ಬ ಆಟಗಾರ ಆ ಹೊತ್ತಿಗೆ ಪ್ರೇಕ್ಷಕರ ಕಡೆ ತಿರುಗಿ ಅಣಕಿಸುತ್ತಿದ್ದ. ಓಡಿ ಬಂದವನು ಚೆಂಡನ್ನು ಹಿಡಿಯದೆ ತಟ್ಟಿದ. ಅದು ಹಿಂದೆ ಒಬ್ಬನೇ ನಿಂತಿದ್ದ ನೋವಾ ಬ್ರೌನ್ ಕೈಗೆ ಹೋಗಿ ಕೂತಿತು. 18–15. ಮನೆ ಸೂತಕದ ಮನೆಯಾಯಿತು. ಅಪ್ಪ ಬಹಳ ಹೊತ್ತು ಬಿಟ್ಟು ಹೇಳಿದ್ದು ಇಷ್ಟು: "ನಾಟ್ಕ ಮುಗಿಯಕ್ಕೆ ಮುಂಚೆ ಬಣ್ಣ ತೊಳ್ಯಕ್ಕೆ ಹೋದ ನನ್ಮಗ." ಗೆಲುವು 4, ಸೋಲು 2 ಎಂದು ಶುರುವಾಗಿದ್ದ ಸೀಸನ್ ಅಲ್ಲಿಂದ ಸತತ ಹತ್ತು ಸೋಲಿನ ಇಳಿಜಾರು ಹಿಡಿಯಿತು. ದೀಪಾವಳಿ ಮುಗಿಸಿಕೊಂಡು, ಹಿಮ ಬೀಳುವ ಮುಂಚೆ ಅಪ್ಪ-ಅಮ್ಮ ಊರಿಗೆ ಹೊರಟರು. ಅವರು ಕಡಬ ಸೇರಿದ ಮೇಲೆ ಥ್ಯಾಂಕ್ಸ್‌ಗಿವಿಂಗ್ ದಿನ ಡೆಟ್ರಾಯಿಟ್‌ನಲ್ಲಿ ಬೇರ್ಸ್, ಕೈಯಲ್ಲಿ ಟೈಮ್‌ಔಟ್ ಇಟ್ಟುಕೊಂಡೇ ಗಡಿಯಾರ ಓಡಲು ಬಿಟ್ಟು 23–20ರಿಂದ ಸೋತರು; ಮಾರನೇ ದಿನ ಕೋಚನ್ನು ತೆಗೆದರು. ಸೀಸನ್ ನಡುವೆ ಕೋಚನ್ನು ತೆಗೆದದ್ದು ಆ ತಂಡದ ಚರಿತ್ರೆಯಲ್ಲೇ ಮೊದಲು. ನಾನು ಫೋನು ಮಾಡಿ ಹೇಳುವ ಮೊದಲೇ ಅಪ್ಪನಿಗೆ ಗೊತ್ತಿತ್ತು. ಮೊಮ್ಮಗ ವಾಟ್ಸಾಪ್ ಕಳಿಸಿದ್ದ.

ಹೀಗೆ ಬೇರ್ಸ್ ಜ್ವರ ಕಡಬಕ್ಕೆ ಹಬ್ಬಿತು. ಹೇಮಾವತಿ ನೀರು, ಕೊಬ್ಬರಿ ರೇಟು, ಮೊಮ್ಮಕ್ಕಳ ಮದುವೆ ಇವೇ ಮೂರು ವಿಷಯ ತಿರುವಿ ತಿರುವಿ ಬೇಜಾರಾಗಿದ್ದ ಟೀ ಅಂಗಡಿಯ ಸಭೆಗೆ ಹೊಸ ವಿಷಯ ಸಿಕ್ಕಿತು. "ಕರಡಿ ಅಂದ್ರೆ ನಮ್ಗೇನ್ ಹೊಸದಾ" ಎಂದು ಶುರು ಮಾಡಿದವರು ನಿಧಾನಕ್ಕೆ ಒಳಗಿಳಿದರು. 2025ರ ಜನವರಿಯಲ್ಲಿ ಡೆಟ್ರಾಯಿಟ್ ಕಂಪನಿಯಿಂದ ಬೆನ್ ಜಾನ್ಸನ್ ಎಂಬ ಹೊಸ ಮೇಷ್ಟ್ರನ್ನು ಕರೆತಂದಾಗ ಸಭೆ ತಲೆಯಾಡಿಸಿತು. ಮಾರ್ಚಿನಲ್ಲಿ, ನಾಲ್ಕು ಸೂಪರ್ ಬೌಲ್ ಗೆದ್ದ ಥೂನಿ, ಜೊತೆಗೆ ಜೋನಾ ಜ್ಯಾಕ್ಸನ್, ಡ್ರೂ ಡಾಲ್ಮನ್ ಎಂಬ ಇನ್ನಿಬ್ಬರು, ಒಟ್ಟು ಮೂರು ಜನ ಸಾತ್ಯಕಿಗಳನ್ನು ತಂದಾಗ ಅಪ್ಪ ಅಂಗಡಿಯಲ್ಲಿದ್ದವರಿಗೆಲ್ಲ ಟೀ ಕೊಡಿಸಿದರಂತೆ. ಅಪ್ಪ ಟೀ ಕೊಡಿಸಿದ್ದು ಊರಲ್ಲಿ ಸುದ್ದಿಯಾಯಿತು.

ಮೊದಲ ಆಟ ಸೆಪ್ಟೆಂಬರ್ 8ರ ಸೋಮವಾರ ರಾತ್ರಿ, ಮಿನ್ನೆಸೋಟ ವೈಕಿಂಗ್ಸ್ ವಿರುದ್ಧ, ಸೋಲ್ಜರ್ ಫೀಲ್ಡಿನಲ್ಲಿ. ನಮ್ಮ ಸಂಜೆ ಏಳೂಕಾಲು, ಕಡಬದ ಮಂಗಳವಾರ ಬೆಳಿಗ್ಗೆ ಐದೂಮುಕ್ಕಾಲು. ಮಗ ಫೋನನ್ನು ಟಿವಿ ಎದುರಿಗೆ ಉಪ್ಪಿನಕಾಯಿ ಬಾಟಲಿಗೆ ಒರಗಿಸಿ ವಿಡಿಯೋ ಕಾಲ್ ಹಾಕಿದ. ಆ ಕಡೆ ಅಪ್ಪ, ಹಿಂದೆ ಹಾಲಿನ ಕ್ಯಾನು ಹಿಡಿದ ಇಬ್ಬರು, ಮಫ್ಲರ್ ಸುತ್ತಿದ ನಿವೃತ್ತ ಮೇಷ್ಟ್ರು ಒಬ್ಬರು. ಕ್ಯಾಲೆಬ್‌ನ ಮೊದಲ ಹತ್ತು ಪಾಸುಗಳೂ ಗುರಿ ಮುಟ್ಟಿದವು. ಕಡಬದಿಂದ ಒನ್ಸ್ ಮೋರ್ ಕೂಗು ನೇಪರ್‌ವಿಲ್ ಬೇಸ್‌ಮೆಂಟಿನಲ್ಲಿ ಕೇಳಿತು. ಮೂರು ಕ್ವಾರ್ಟರ್ ಮುಗಿದಾಗ 17–6. ನಾಲ್ಕನೆಯದರಲ್ಲಿ, ಗಾಯದಿಂದ ಹಿಂದಿನ ವರ್ಷವಿಡೀ ಆಡದೆ ಅಂದೇ ಮೊದಲ ಬಾರಿಗೆ ಲೀಗಿನಲ್ಲಿ ಕಣಕ್ಕಿಳಿದಿದ್ದ ಜೆ.ಜೆ. ಮೆಕಾರ್ಥಿ ಎಂಬ ಹುಡುಗ ಮೂರು ಟಚ್‌ಡೌನ್ ಮಾಡಿಸಿ 27–24ಕ್ಕೆ ಆಟ ಕಿತ್ತುಕೊಂಡ. ಅವನು ಹುಟ್ಟಿ ಬೆಳೆದದ್ದು ಇದೇ ಚಿಕಾಗೋದ ಹೊರವಲಯದಲ್ಲಿ, ನಮ್ಮ ಮನೆಯಿಂದ ಅರ್ಧ ಗಂಟೆ ದಾರಿ. ನಮ್ಮೂರ ಹುಡುಗ ಪಕ್ಕದೂರ ಕಂಪನಿ ಸೇರಿ, ನಮ್ಮೂರ ಸ್ಟೇಜಿನಲ್ಲೇ ಹಾರ ಹಾಕಿಸಿಕೊಂಡು ಹೋದ ಲೆಕ್ಕ.

ಮುಂದಿನ ಭಾನುವಾರ ಡೆಟ್ರಾಯಿಟ್. ಬೆನ್ ಮೇಷ್ಟ್ರ ಹಳೇ ಕಂಪನಿ. 52–21. ಅವರದೇ ಹಳೇ ಶಿಷ್ಯ ಜ್ಯಾರೆಡ್ ಗಾಫ್ ಐದು ಟಚ್‌ಡೌನ್ ಎಸೆದ. ಕಡಬದಲ್ಲಿ ರಾತ್ರಿ ಹತ್ತೂವರೆಗೆ ಶುರುವಾದ ಆಟ. ಅರ್ಧಕ್ಕೇ ಅಪ್ಪ "ಕರೆಂಟ್ ಹೋಯ್ತು" ಎಂದು ಫೋನು ಇಟ್ಟರು. ಹಿಂದೆ ಫ್ಯಾನು ತಿರುಗುವುದು ನಮಗೆ ಕಾಣುತ್ತಿತ್ತು.

ಎರಡು ಆಟ, ಎರಡು ಸೋಲು. ಚಿಕಾಗೋದಲ್ಲಿ ರೇಡಿಯೋ ಕೊತಕೊತ ಕುದಿಯಿತು. ಇನ್ನೂ 15 ಆಟ ಬಾಕಿ ಇತ್ತು, ಆದರೆ 'ಇವನೂ ಟ್ರುಬಿಸ್ಕಿ ಆದ' ಎಂಬ ಶ್ರಾದ್ಧದ ಊಟ ಬಡಿಸಿಯಾಗಿತ್ತು. ಕಡಬದ ಸಭೆ ಎರಡು ಪಕ್ಷವಾಗಿ ಒಡೆಯಿತು. 'ಬದಲಾಯಿಸಿ' ಪಕ್ಷದ ನಾಯಕರು ನಿವೃತ್ತ ಮೇಷ್ಟ್ರು. ಅವರ ಅಭ್ಯರ್ಥಿ ಎರಡನೇ ಸಾಲಿನ ಕ್ವಾರ್ಟರ್‌ಬ್ಯಾಕ್ ಟೈಸನ್ ಬೇಜೆಂಟ್. ಯಾರಿಗೂ ಗೊತ್ತಿಲ್ಲದ ಸಣ್ಣ ಕಾಲೇಜಿನಿಂದ, ಡ್ರಾಫ್ಟಿನಲ್ಲಿ ಹೆಸರೇ ಬರದೆ, ಸ್ವಂತ ಬಲದಿಂದ ಬಂದವನು. ಅವರಪ್ಪ ಪಂಜ ಕುಸ್ತಿಯಲ್ಲಿ ವಿಶ್ವ ಚಾಂಪಿಯನ್. ಕೊನೆಯ ಅರ್ಹತೆಯೇ ಮೇಷ್ಟ್ರಿಗೆ ಸಾಕಾಗಿತ್ತು. "ವಂಶದಲ್ಲಿ ಕೈ ಗಟ್ಟಿ ಇದೆ" ಎಂಬುದು ಅವರ ವಾದ.

'ಟೈಮ್ ಕೊಡಿ' ಪಕ್ಷದ ನಾಯಕರು ನಮ್ಮಪ್ಪ. ಅವರ ಬಳಿ ಎರಡು ಅಸ್ತ್ರ ಇದ್ದವು. ಮೊದಲನೆಯದು ಗುಬ್ಬಿ ಕಂಪನಿ. 1884ರಲ್ಲಿ ಹುಟ್ಟಿದ ಆ ಕಂಪನಿಗೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ತಮ್ಮ ಮಗ ಮುತ್ತುರಾಜನನ್ನು ಕರೆತಂದಾಗ ವೀರಣ್ಣನವರು ಅವನಿಗೆ ಕಿರೀಟ ಇಟ್ಟು ಮುಂದಕ್ಕೆ ತಳ್ಳಿದರೇ? ವರ್ಷಗಟ್ಟಲೆ ಸಣ್ಣಪುಟ್ಟ ಪಾತ್ರ ಮಾಡಿಸಿದರು. 'ಬೇಡರ ಕಣ್ಣಪ್ಪ' ಬಂದು ಆತ ರಾಜ್‌ಕುಮಾರ್ ಆದದ್ದು 1954ರಲ್ಲಿ. "ಎರ್ಡನೇ ನಾಟ್ಕಕ್ಕೇ ಓಡಿಸಿದ್ರೆ ಕನ್ನಡಕ್ಕೆ ಅಣ್ಣಾವ್ರು ಎಲ್ಲಿ ಸಿಗೋರು?" ಎಂದರೆ ಗುಬ್ಬಿ ತಾಲ್ಲೂಕಿನಲ್ಲಿ ಎದುರು ಮಾತಾಡುವ ಗಂಡಸು ಇನ್ನೂ ಹುಟ್ಟಿಲ್ಲ.

ಎರಡನೇ ಅಸ್ತ್ರ ಪಂಚಾಂಗ. ಬ್ರಹ್ಮಾಸ್ತ್ರವೇ ಅನ್ನಿ. ಸೆಪ್ಟೆಂಬರ್ 7ರ ಹುಣ್ಣಿಮೆ ರಾತ್ರಿ ಖಗ್ರಾಸ ಚಂದ್ರಗ್ರಹಣ, ಊರೆಲ್ಲ ಕಂಡದ್ದು. ಮಾರನೇ ದಿನದಿಂದ ಪಿತೃಪಕ್ಷ. ಬೇರ್ಸ್ ಸೀಸನ್ ಶುರು ಮಾಡಿದ್ದು ಅದೇ ಮಾರನೇ ದಿನ! ಗ್ರಹಣದ ಮರುದಿನ, ಪಕ್ಷದ ಪಾಡ್ಯ, ಹೊಸ ಮೇಷ್ಟ್ರ ಮೊದಲ ಪ್ರಯೋಗ. "ಒಂದ್ ಹಸು ಕೊಳ್ಳಲ್ಲ ಕಣಪ್ಪ ನಾವು ಆ ಹದ್ನೈದ್ ದಿನ. ಸೀಸನ್ ಶುರು ಮಾಡ್ತಾರಾ? ಹುಡುಗ್ನ ತಪ್ಪೇನೈತೆ?"

ಈ ಉದಾರತೆಯನ್ನು ನಾನು ಫೋನಿನ ಈ ಕಡೆ ಕೂತು ಕೇಳುತ್ತಿದ್ದೆ. ಸಹಿಸಲಾಗಲಿಲ್ಲ. ಎಸ್‌ಎಸ್‌ಎಲ್‌ಸಿಯ ಅರ್ಧವಾರ್ಷಿಕ ಪರೀಕ್ಷೆಯ ಗಣಿತದಲ್ಲಿ ಎರಡಂಕಿ ಮುಟ್ಟದ ನನ್ನ ಅಂಕಪಟ್ಟಿ ನೋಡಿ, ಅಂದೇ ಸಂಜೆ ನನ್ನ ಕೈಗೆ ತೆಂಗಿನಕಾಯಿ ಸುಲಿಯುವ ಕೆಲಸ ಕೊಟ್ಟು "ಇನ್ನು ಇದೇ ನಿನ್ ಬಾಳು" ಎಂದವರು ಇದೇ ಅಪ್ಪ. ಕೇಳಿಯೇ ಬಿಟ್ಟೆ: "ನಂಗ್ಯಾಕೆ ಟೈಮ್ ಕೊಡ್ಲಿಲ್ಲ?"

ಅಪ್ಪ ಒಂದು ಕ್ಷಣವೂ ತಡೆಯಲಿಲ್ಲ. "ನಿನ್ ಮುಂದೆ ಗಾರ್ಡಾಗಿ ನಿಮ್ಮಮ್ಮ ನಿಂತಿದ್ಳಲ್ಲೋ. ನಾನ್ ಎತ್ತಿದ್ ಕೈ ಒಂದಾದ್ರೂ ನಿನ್ ಗಂಟ ಬಂತಾ? ಈ ಹುಡ್ಗಂಗೆ ಬಿದ್ದಿರವು 68."

ಹೆಂಡತಿ ಅಡುಗೆಮನೆಯಲ್ಲಿ ನಕ್ಕದ್ದು ಕೇಳಿಸಿತು. ಅದೇ ವಾರ ಮಗನ ಆಲ್‌ಜೀಬ್ರಾ ಟೆಸ್ಟಿನಲ್ಲಿ ಸಿ ಬಂತು. ಏನೋ ಇದು ಎಂದೆ. "ಅಪ್ಪಾ, ಸೀಸನ್ ಈಗ ತಾನೇ ಸ್ಟಾರ್ಟ್ ಆಗಿದೆ. ಎರಡು ಟೆಸ್ಟ್ ನೋಡಿ ಏನೂ ಹೇಳೋಕಾಗಲ್ಲ" ಎಂದ. ಫೋನಿನಲ್ಲಿ ಇದನ್ನು ಕೇಳಿಸಿಕೊಂಡ ತಾತ, "ಸರ್ಯಾಗ್ ಹೇಳ್ದ" ಎಂದರು. ಮೊಮ್ಮಗನಿಗೆ ಈ ಬುದ್ಧಿ ಆಟದಿಂದ ಬಂತೋ ವಂಶದಿಂದ ಬಂತೋ, ಟ್ಯೂಷನ್ನಿಗೆ ಮಾತ್ರ ಸೇರಿಸಿದೆ.

ಮೂರನೇ ಆಟ ಡಲ್ಲಾಸ್ ಕೌಬಾಯ್ಸ್ ವಿರುದ್ಧ, ಸೆಪ್ಟೆಂಬರ್ 21ರ ಭಾನುವಾರ. ಸಾಕ್ಷಾತ್ ಮಹಾಲಯ ಅಮಾವಾಸ್ಯೆ. ಹೆಂಡತಿ ಬೆಳಿಗ್ಗೆಯಿಂದ ವಡೆ, ಪಾಯಸ ಮಾಡಿ ಎಡೆ ಇಟ್ಟಿದ್ದಳು. ಪೇಟನ್‌ಗೆ ಮಗನೇ ಇಟ್ಟ. ಅಮಾವಾಸ್ಯೆ ದಿನ ಗೆಲ್ಲುವುದುಂಟೇ ಎಂದು ನಾನು ಕೆಣಕಿದಾಗ ಅಪ್ಪ ಕನ್ನಡಕ ಏರಿಸಿ ಲೆಕ್ಕ ಒಪ್ಪಿಸಿದರು: ಆಟ ಶುರುವಾಗುವುದು ಚಿಕಾಗೋದ ಮಧ್ಯಾಹ್ನ ಮೂರೂ ಇಪ್ಪತ್ತೈದಕ್ಕೆ, ಅಂದರೆ ಕಡಬದ ನಡುರಾತ್ರಿ ಎರಡಕ್ಕೆ ಐದು ನಿಮಿಷ ಇರುವಾಗ. ಅಷ್ಟೊತ್ತಿಗೆ ಅಮಾವಾಸ್ಯೆ ಕಳೆದು ಆಶ್ವಯುಜ ಪಾಡ್ಯ ಹುಟ್ಟಿರುತ್ತದೆ. ನವರಾತ್ರಿ! "ನಿಮ್ಗೆ ಅಮಾಸೆ. ಕಲ್ಲೇಶಂಗಲ್ಲ."

31–14. ಕ್ಯಾಲೆಬ್ ನಾಲ್ಕು ಟಚ್‌ಡೌನ್ ಎಸೆದ. ಒಂದಂತೂ 65 ಗಜದ್ದು, ಚೆಂಡನ್ನು ಓಡುವವನ ಕೈಗೆ ಕೊಟ್ಟಂತೆ ಮಾಡಿ ಮತ್ತೆ ವಾಪಸು ಇಸಕೊಂಡು ಎಸೆದ ಮೋಸದಾಟ. ಕಡಬದಲ್ಲಿ ಅದನ್ನು ನೋಡಿ "ಈಗ್ ನೋಡು, ಈಗ ಕೃಷ್ಣ ಆದ" ಎಂದರಂತೆ. ಆಟ ಮುಗಿದಾಗ ಅಲ್ಲಿ ಬೆಳಗಿನ ಜಾವ. ಕೆಲವೇ ಗಂಟೆಗಳಲ್ಲಿ ಚಾಮುಂಡಿ ಬೆಟ್ಟದಲ್ಲಿ ಬಾನು ಮುಷ್ತಾಕ್ ದಸರಾ ಉದ್ಘಾಟಿಸಿದರು. ಅಪ್ಪ ಎರಡನ್ನೂ ನೋಡಿ, ಆಮೇಲೆ ಮಲಗಿದರು. ನವರಾತ್ರಿ ಮುಗಿಯುವುದರೊಳಗೆ ಲಾಸ್ ವೇಗಸ್‌ನಲ್ಲಿ 25–24, ವಿಜಯದಶಮಿ ಕಳೆದ ಮೇಲೆ ವಾಷಿಂಗ್ಟನ್‌ನಲ್ಲಿ, ಅದೇ ದುಃಸ್ವಪ್ನದ ಮೈದಾನದಲ್ಲಿ, ಮಳೆಯಲ್ಲಿ, ಕೊನೇ ಒದೆತಕ್ಕೆ ಮತ್ತೆ 25–24, ಎರಡೂ ಗೆಲುವೇ. ನಿವೃತ್ತ ಮೇಷ್ಟ್ರು ಪಕ್ಷಾಂತರ ಮಾಡಿದರು. ಬೇಜೆಂಟ್ ಅವರಪ್ಪನ ಮೇಲಿನ ಗೌರವ ಮಾತ್ರ ಹಾಗೇ ಇದೆಯಂತೆ.

ಸೀಸನ್ ಕೊನೆಗೆ ಬೇರ್ಸ್ 11–6, ವಿಭಾಗಕ್ಕೆ ಮೊದಲಿಗರು. ಜನವರಿಯಲ್ಲಿ ಪ್ಲೇಆಫ್‌ನ ಮೊದಲ ಆಟ ಯಾರ ಜೊತೆ ಬಿತ್ತು ಕೇಳಿ: ಪ್ಯಾಕರ್ಸ್. ಮಧ್ಯಂತರದಲ್ಲಿ 21–3ರಿಂದ ಹಿಂದಿದ್ದ ಬೇರ್ಸ್ ಕೊನೆಗೆ 31–27ಕ್ಕೆ ಗೆದ್ದರು. ಆ ರಾತ್ರಿ ನಮ್ಮ ಮನೆಯಲ್ಲಿ ಅಡುಗೆ ಆಗಲಿಲ್ಲ. ಮುಂದಿನ ವಾರ ರಾಮ್ಸ್ ಎದುರು ಹೆಚ್ಚುವರಿ ಸಮಯದಲ್ಲಿ ಬೇರ್ಸ್ ಸೋತಾಗ ಹೆಂಡತಿ ಹೋಳಿಗೆ ಮಾಡಿದಳು. ಆ ಸೀಸನ್ನಿನಲ್ಲಿ ಕ್ಯಾಲೆಬ್‌ನನ್ನು ಕೆಡವಿದ್ದು ಹಿಂದಿನ ವರ್ಷದ ಅರ್ಧಕ್ಕಿಂತಲೂ ಕಡಿಮೆ ಸಲ. ಎಸೆದದ್ದು 3,942 ಗಜ, ಬೇರ್ಸ್ ಚರಿತ್ರೆಯಲ್ಲೇ ದಾಖಲೆ. ಲೀಗಿನ 32 ತಂಡಗಳಲ್ಲಿ ಒಂದೇ ಸೀಸನ್ನಿನಲ್ಲಿ 4,000 ಗಜ ದಾಟಿದ ಕ್ವಾರ್ಟರ್‌ಬ್ಯಾಕ್ ಇಲ್ಲದೆ ಉಳಿದಿರುವ ತಂಡ ಇದೊಂದೇ, ಈಗಲೂ ಉಳಿದಿದೆ, 58 ಗಜಕ್ಕೆ. ಆ 58 ಗಜವನ್ನು ಚೈನು ಹಾಕಿ ಇನ್ನೊಮ್ಮೆ ಅಳೆಸಬೇಕೆಂದು ಅಪ್ಪನ ಒತ್ತಾಯ.

ಕೊನೆಗೆ, ಅಮೆರಿಕದ ಕನ್ನಡ ಕೂಟಗಳ ಪದಾಧಿಕಾರಿಗಳಲ್ಲಿ ಒಂದು ಬಿನ್ನಹ. 2026ರಲ್ಲಿ ಗಣೇಶ ಚತುರ್ಥಿ ಬರುವುದು ಸೆಪ್ಟೆಂಬರ್ 14ಕ್ಕೆ, ಸೀಸನ್ ಶುರುವಾಗುವ ಹೊತ್ತಿಗೇ. ಪಿತೃಪಕ್ಷಕ್ಕೆ ಆಮೇಲೆ ಇನ್ನೂ ವಾರದ ಮೇಲೆ ದಿನ ಇದೆ, ಆದ್ದರಿಂದ ಈ ಸಲದ ಮುಹೂರ್ತಕ್ಕೆ ಕಡಬದಿಂದ ಆಕ್ಷೇಪಣೆ ಇಲ್ಲ. ದಯವಿಟ್ಟು ಹಬ್ಬದ ಕಾರ್ಯಕ್ರಮವನ್ನು ಶನಿವಾರ ಇಟ್ಟುಕೊಳ್ಳಿ. ಭಾನುವಾರವೇ ಆಗಬೇಕೆಂದಿದ್ದರೆ ಸ್ವಾಗತ ಭಾಷಣ, ವಂದನಾರ್ಪಣೆ ಎರಡನ್ನೂ ಮಧ್ಯಾಹ್ನ ಹನ್ನೆರಡರೊಳಗೆ ಮುಗಿಸಿ, ಊಟವನ್ನು ಪೊಟ್ಟಣ ಕಟ್ಟಿಕೊಡಿ.